ಗಂಗುಲಪ್ಪನಿಗೆ ಇಟ್ಟ ಎಡೆ

ಸಾಂಬ್ರಾಣಿ ಹೊಗೆ ಬಾಗಿಲ ಸಂದಿಯಿಂದ ಹೊರಗೆ ಬರುತ್ತಿದೆ, ಒಳಗೆ ಬಾಡಿನ ಸಾರು ಆರುತ್ತಿರಬೇಕು, ಅವರಿಗೆ ಆರಿದ ಸಾರು ಸೇರುತ್ತಿರಲಿಲ್ಲ — ಥೂ, ಬದುಕಿರುವ ಗಂಡನನ್ನು ನನ್ನ ಬಾಯೇ ಸಾಯಿಸುತ್ತಿದೆಯಲ್ಲ — ಮಹಾಲಯ ಅಮಾವಾಸ್ಯೆ, ದೇವರಾಯಸಮುದ್ರದಲ್ಲಿ ಮನೆಮನೆಯ ಬಾಗಿಲೂ ಮುಚ್ಚಿದೆ, ಸತ್ತವರು ಬಂದು ಉಂಡು ಹೋಗಲಿ ಎಂದು ಬದುಕಿದವರು ಜಗಲಿ ಮೇಲೆ ಕೂತಿದ್ದೇವೆ, ಎಡೆಯಲ್ಲಿ ಬೆರಳಿನ ಗುರುತು ಬಿದ್ದರೆ ಬಂದರು ಅಂತ, ಹಿರೀಕರ ಎಲೆಗೆ ಬಿದ್ದರೆ ಸಂತೋಷ, ನನ್ನ ಗಂಡನ ಮುದ್ದೆಗೆ ಬಿದ್ದರೆ ನನ್ನ ಕುಂಕುಮ ಹೋಯಿತು, ಬೀಳದಿದ್ದರೆ ಇನ್ನೊಂದು ವರ್ಷ ಕಾಯಬಹುದು, ಊರ ಯಜಮಾನರು ಹಾಗೆ ತೀರ್ಮಾನ ಮಾಡಿದ್ದಾರೆ, ಅದಕ್ಕೇ ನೀರು ಮುಟ್ಟಿಕೊಂಡು ಮುಟ್ಟಿಕೊಂಡು ಆ ಮುದ್ದೆಯನ್ನು ನುಣ್ಣಗೆ ಮಾಡಿಟ್ಟಿದ್ದೇನೆ, ಒಂದು ಬಿರುಕಿಲ್ಲ. ಪಕ್ಕದಲ್ಲಿ ವರಸೆಯಲ್ಲಿ ಮೈದುನನಾದ ಆವಲಪ್ಪ ಕೆಮ್ಮುತ್ತಾನೆ, ಮಲಯದ ರಬ್ಬರ್ ತೋಟಕ್ಕೆ ಅವರೂ ಇವನೂ ಒಟ್ಟಿಗೆ ಹೋದರು, ಯುದ್ಧ ಮುಗಿದ ಮೇಲೆ ಬಂದವನು ಇವನೊಬ್ಬ, ಮೂಳೆಗೆ ಚರ್ಮ ಸುತ್ತಿಕೊಂಡು, ಬಂದವನೇ ಹೇಳಿದ, ಜಪಾನಿನ ಮಿಲಿಟರಿಯೋರ್ದೇ ರಾಜ್ಯ ಆಗೋಯ್ತು ಅತ್ತಿಗೆ, ಕೇಳೋರಿಲ್ಲ ಹೇಳೋರಿಲ್ಲ, ಬಂದೂಕ ತೋರ್ಸಿ ಸಯಾಮ್ ದೇಸದ ಕಾಡಿಗೆ ಹೊಡ್ಕೊಂಡ್ ಹೋದ್ರು ರೈಲು ಕಂಬಿ ಹಾಕಾಕೆ, ಕಾಲರಾ ಬಂದೋರ್ನ ಜೀವ ಇದ್ದಂಗೇ ಒಂದು ಗುಡಿಸ್ಲಿಗೆ ಎಸೆಯೋರು, ಅಣ್ಣನ್ನೂ ಅಲ್ಲೇ ಹಾಕಿದ್ರು, ಆಮೇಲೆ ಗುಡಿಸ್ಲಿಗೇ ಬೆಂಕಿ ಇಕ್ಕಿದ್ರಂತೆ, ನಾನು ಕಣ್ಣಾರೆ ನೋಡ್ನಿಲ್ಲ, ಅಷ್ಟೊತ್ತಿಗೆ ನಮ್ಮನ್ನ ಮುಂದಕ್ಕೆ ಅಟ್ಟಿದ್ರು — ನೋಡಲಿಲ್ಲ ಅಂದನಲ್ಲ, ಆ ಒಂದು ಮಾತು ಹಿಡಿದುಕೊಂಡು ನಾನು ಉಸಿರಾಡುತ್ತಿದ್ದೇನೆ. ಹೆಸರು ಗೊತ್ತಿಲ್ಲದ ಜನ, ತಮಿಳರು, ತೆಲುಗರು, ಮಲಯದವರು, ಕಂಬಿಯುದ್ದಕ್ಕೂ ಹೆಣವಾದರಂತೆ, ಅವ್ರಿಗೆ ಎಡೆ ಇಕ್ಕೋರು ಯಾರು ಅತ್ತಿಗೆ ಎಂದು ಅಷ್ಟು ದೊಡ್ಡ ಗಂಡಸು ಗೋಳೋ ಅಂತ ಅತ್ತ, ಅವರಿಗೂ ಒಂದು ಎಲೆ ಹಾಸಿದ್ದೇನೆ, ಎಲ್ಲರೂ ಅದರಲ್ಲೇ ಕೈಯಿಟ್ಟು ಉಣ್ಣಿ, ಪಕ್ಕದ ಎಲೆಯನ್ನು ಮಾತ್ರ ಮುಟ್ಟಬೇಡಿ ನನ್ನಪ್ಪಗಳಾ.

ಅತ್ತೆ ಮುನಿಗಂಗಮ್ಮ ಗೋಡೆಗೊರಗಿ ಗೊಣಗುತ್ತಿದ್ದಾಳೆ, ಹಸ್ಕೊಂಡೇ ಹೋದ್ನಲ್ಲೇ ನನ್ ಮಗ, ಒಂದ್ ತುತ್ತು ತಿನ್ನಾಕಾದ್ರೂ ಬರ್ಲಿ ಕಣೇ, ಬರ್ಲಿ ಅಂತ ಬೇಡ್ಕೊಳೇ — ಬೇಡಿಕೊಳ್ಳುವುದಿಲ್ಲ, ಹಸಿದಿದ್ದರೂ ಬರಬೇಡಿ ಅನ್ನುತ್ತಿದ್ದೇನೆ, ಎಂಥ ಹೆಂಡತಿ ನಾನು, ಅವಳಿಗೆ ಮಗ ಉಂಡರೆ ಸಾಕು, ನನಗೆ ಅವರು ಬೇಕು, ಎಲ್ಲೋ ಒಂದು ಕಡೆ ಕುಂಟಿಕೊಂಡಾದರೂ ಇರಲಿ. ಎಲ್ಲರಿಗಿಂತ ಕೊನೆಗೆ ಹೊರಗೆ ಬಂದವಳು ಅವಳೇ, ನಡೀರೇ, ದೀಪ ಸರಿಮಾಡಿ ಬರ್ತೀನಿ ಎಂದಳು. ಹೊತ್ತಾಯ್ತು ತೆಗೀರಿ ಅಂದರು ಯಾರೋ, ಆವಲಪ್ಪ ಕೆಮ್ಮಿ ಸದ್ದು ಮಾಡಿ ಬಾಗಿಲು ನೂಕಿದ, ಕಣ್ಣಿಗೆ ಹೊಗೆ, ಹಿರೀಕರ ಎಲೆ ಇಟ್ಟಂತೆಯೇ ಇದೆ, ಹೆಸರಿಲ್ಲದವರ ಎಲೆ ಇಟ್ಟಂತೆಯೇ ಇದೆ, ನನ್ನ ಗಂಡನ ಮುದ್ದೆಯ ನೆತ್ತಿಯಲ್ಲಿ ಒಂದು ಕುಳಿ, ಒಂದು ಬೆರಳಿನಷ್ಟು, ನಾನು ಅಷ್ಟು ನುಣ್ಣಗೆ ಮಾಡಿದ್ದೆನಲ್ಲ — ಮುಟ್ಟವ್ನೆ, ನನ್ ಗಂಗುಲ ಮುಟ್ಟವ್ನೆ ನೋಡ್ರೋ ಎಂದು ಅತ್ತೆ ಕಿರುಚಿದಳು, ಅಣ್ಣಾ ಬಂದ್ಯಾ ಎಂದು ಆವಲಪ್ಪ ನೆಲಕ್ಕೆ ಬಿದ್ದ, ಹೆಂಗಸರು ನನ್ನ ಕೈ ಹಿಡಿದರು, ಬಳೆ ಒಡೆದವು, ಬಾ ಚಿಕ್ಕಗಂಗಾ, ನನ್ ತಾಯಿ, ಅವ್ನು ಉಂಡ ಕಣೇ, ಹಸಿವು ತೀರ್ತು ಕಣೇ ಎಂದು ಅತ್ತೆ ಅಳುತ್ತ ನಗುತ್ತ ಕುಂಕುಮ ಒರೆಸಲು ಬರುತ್ತಿದ್ದಾಳೆ, ಬೆರಳು ನನ್ನ ಕಣ್ಣ ಹತ್ತಿರ ಬಂತು, ಉಗುರಿನ ಸಂದಿಯಲ್ಲಿ ಇನ್ನೂ ಒಣಗದ ಮುದ್ದೆ, ಕೂಗಬೇಕು, ಎಲ್ಲರಿಗೂ ತೋರಿಸಬೇಕು, ಅವಳ ಮುಖದಲ್ಲಿ ಎಂಥ ನೆಮ್ಮದಿ, ಬೆರಳು ಹಣೆಗೆ ತಾಗಿತು, ತಣ್ಣಗಿದೆ, ಅಂಟುತ್ತಿದೆ, ಉಗುರಿನ ಸಂದಿಯಲ್ಲಿ ಮುದ್ದೆ, ಉಗುರಿನ ಸಂದಿಯಲ್ಲಿ —