ಹಳದಿ ಆನೆ, ಅರ್ಧಕ್ಕೆ ನಿಂತ ಕೇಕು

1

ಎಲ್ಲಿಂದ ಶುರು ಮಾಡಲಿ? ಅವಳು ಬೀಳುವಲ್ಲಿಂದ ಮಾಡಬಹುದಿತ್ತು. ಮೂರ್ಛೆರೋಗದ ಕಥೆ ಎಂದ ಕೂಡಲೇ ಯಾರಾದರೂ ದಢಾರನೆ ಬೀಳಲಿ ಎಂದು ನೀವು ಕಾಯುತ್ತೀರಿ. ಮೊದಲ ಕರಡಿನಲ್ಲಿ ಬೀಳಿಸಿಯೂ ನೋಡಿದೆ. ಬಿದ್ದವಳು ಎದ್ದು ಕೂತು, ಏಪ್ರನ್ ಕೊಡವಿಕೊಂಡು, "ಏನ್ರೀ ಬರೆಯೋರೇ, ನಾನು ಬೀಳೋಳಲ್ಲ, ನಿಲ್ಲೋಳು. ಡಾಕ್ಟ್ರು ಅಷ್ಟು ಬಿಡಿಸಿ ಹೇಳಿದ್ರಲ್ಲ, ಎಲ್ಲಿತ್ತು ನಿಮ್ಮ ಕಿವಿ?" ಎಂದಳು.

ನಿಜ. ಇವಳದು ನಿಂತುಬಿಡುವ ಬಗೆ. ಮಾಡುತ್ತಿದ್ದ ಕೆಲಸದ ನಡುವೆ, ಕಣ್ಣು ತೆರೆದೇ, ಎಲ್ಲಿಗೋ ಹೋಗಿ ಬರುತ್ತಾಳೆ. ಎಲ್ಲಿಗೆ ಅಂತ ಅವಳಿಗೂ ತಿಳಿಯದು. (ಬರೆಯುವ ನನಗಾದರೂ ತಿಳಿದಿರಬೇಕಿತ್ತು. ಇಲ್ಲ.)

ಕರಡು ಕಸದ ಬುಟ್ಟಿಗೆ.

2

ಮತ್ತೊಮ್ಮೆ. ಅವಳು ಬೇಕರಿಯೊಂದರಲ್ಲಿ ಕೇಕಿನ ಮೇಲೆ ಅಕ್ಷರ ಬರೆಯುವವಳು. ಎಲ್ಲರ ಬಾಯಲ್ಲೂ ಕೇಕಕ್ಕ. ಒಂದು ಮಧ್ಯಾಹ್ನ ಬ್ಯಾಂಕ್ ಮ್ಯಾನೇಜರೊಬ್ಬರ ನಿವೃತ್ತಿಯ ಕೇಕಿನ ಮೇಲೆ 'ಮುಂದಿನ ಜೀವನ ಸು' ಎಂದು ಬರೆದು ನಿಂತಳು. ಅವಳು ನಿಂತಳೇ ಹೊರತು ಕೈ ನಿಲ್ಲಲಿಲ್ಲ. ಕ್ರೀಮಿನ ಗೆರೆ ಕೇಕಿನ ಅಂಚು ಇಳಿದು, ಮೇಜು ದಾಟಿ, ಪಕ್ಕದಲ್ಲಿ ನಿಂತಿದ್ದ ಮಾಲೀಕರ ಮೊಣಕೈ ಹತ್ತಿತು.

ಮ್ಯಾನೇಜರು ಕೇಕನ್ನು ದಿಟ್ಟಿಸಿದರು. "ಇದೇ ಇರ್ಲಿ ಬಿಡಮ್ಮ. ಮುಂದಿನ್ದು ನಂಗೂ ಗೊತ್ತಿಲ್ಲ."

ಅಲ್ಲಿಂದ ಊರಿಗೆಲ್ಲ ಹುಚ್ಚು ಹಿಡಿಯಿತು. ಮದುವೆಗೆ, ಗೃಹಪ್ರವೇಶಕ್ಕೆ, ವಿಚ್ಛೇದನಕ್ಕೆ, ಎಲ್ಲಕ್ಕೂ ಅರ್ಧಕ್ಕೆ ನಿಂತ ಕೇಕೇ ಬೇಕು. ಮಾಲೀಕರು ಬೋರ್ಡು ಹಾಕಿಸಿದರು. ಕೇಕಕ್ಕ ಇಡೀ ದಿನ ಚೆನ್ನಾಗಿದ್ದರೆ ಅವರ ಮುಖ ಹುಳ್ಳಗಾಗುತ್ತಿತ್ತು.

"ಇವತ್ತು ಒಂಚೂರೂ ನಿಲ್ಲಲ್ವೇನಮ್ಮ?"

"ಅದೇನು ನಲ್ಲಿನಾ ಸಾರ್, ತಿರುಗಿಸಿದಾಗ ಬರೋದಕ್ಕೆ, ನಿಲ್ಲೋದಕ್ಕೆ?"

(ಇದು ತಮಾಷೆಯ ಭಾಗ. ನಕ್ಕುಬಿಡಿ. ಮುಂದೆಯೂ ತಮಾಷೆ ಇದೆ, ಆದರೆ ನಗುವಾಗ ಆಚೀಚೆ ನೋಡಿಕೊಳ್ಳಬೇಕಾಗುತ್ತದೆ.)

3

ಅವಳ ಗಂಡ ಲಿಫ್ಟ್ ರಿಪೇರಿಯವನು. ಹೆಂಡತಿಯ ಕಾಯಿಲೆಯನ್ನು ಅವನು ಒಂದೇ ಮಾತಿನಲ್ಲಿ ಅರ್ಥ ಮಾಡಿಕೊಂಡಿದ್ದ: "ಎರಡು ಮಹಡಿ ಮಧ್ಯೆ ನಿಂತ್ಕೊಳ್ಳುತ್ತೆ. ಒಳಗಿರೋರು ಗಾಬರಿಯಾಗ್ಬಾರ್ದು, ಹೊರಗಿರೋರು ಬಾಗಿಲು ಒದೀಬಾರ್ದು."

ಲಿಫ್ಟು ಮತ್ತೆ ಹೊರಟಿತೋ ಇಲ್ಲವೋ ತಿಳಿಯುವುದಕ್ಕೂ ಅವನೇ ದಾರಿ ಹುಡುಕಿದ. ಅವಳು ನಿಂತಾಗ ಮನೆಯವರು ಕೇಳಬೇಕು: "ಆನೆಗೆ ಯಾವ ಬಣ್ಣ?" ಅವಳು ಹೇಳಬೇಕು: "ಹಳದಿ." ಕಪ್ಪು ಅಂತ ನಿದ್ದೆಗಣ್ಣಲ್ಲೂ ಹೇಳಬಹುದು, ಹಳದಿ ಅನ್ನಬೇಕಾದರೆ ತಲೆ ಪೂರ್ತಿ ಮನೆಗೆ ಬಂದಿರಬೇಕು ಎನ್ನುವುದು ಅವನ ತರ್ಕ. ಈ ತರ್ಕದಲ್ಲಿ ತಪ್ಪು ಹುಡುಕಲು ನಾನು ಒಂದು ಪುಟ ಖರ್ಚು ಮಾಡಿದೆ. ಸಿಗಲಿಲ್ಲ.

ಮಾತ್ರೆಯಿಂದ ನಿಲ್ಲುವುದು ಕಡಿಮೆಯಾಯಿತು. ಜೊತೆಗೆ ಕೋಪ ಬಂತು, ಪದಗಳು ಹೋದವು. ಜರಡಿ ಎನ್ನುವ ಮಾತು ಒಂದು ದಿನ ಹೋದದ್ದು ಮರಳಲಿಲ್ಲ. ಅವಳು 'ತೂತಿನ ತಟ್ಟೆ' ಎಂದಳು. ಈಗ ಬೇಕರಿಯವರೆಲ್ಲ ತೂತಿನ ತಟ್ಟೆ ಎನ್ನುತ್ತಾರೆ, ಜರಡಿ ಅಂದವರನ್ನು ಹೊಸಬರು ಅಂತ ನೋಡುತ್ತಾರೆ.

ಕೋಪದ್ದು ಬೇರೆಯೇ ಕಥೆ. ಅವಳು ದನಿ ಏರಿಸಿದರೆ ಸಾಕು, ಗಂಡ ತಲೆ ಓರೆ ಮಾಡಿ ಕೇಳುತ್ತಾನೆ: "ಈಗ ಮಾತಾಡ್ತಿರೋದು ನೀನಾ, ಮಾತ್ರೆನಾ?"

"ಒದ್ದೆ ಟವೆಲ್ ಹಾಸಿಗೆ ಮೇಲೆ ಎಸೆದಿರೋದು ನೀನಾ, ನಿನ್ನ ಮಾತ್ರೆನಾ?"

ಕೊನೆಗೆ ಮನೋವೈದ್ಯರ ಹತ್ತಿರ ಹೋದರು. ಕಾಯಿಲೆಯಿಂದಲೂ ಮನಸ್ಸು ಕುಗ್ಗಬಹುದು, ಮಾತ್ರೆಯಿಂದಲೂ ಕೆರಳಬಹುದು, ಎರಡಕ್ಕೂ ದಾರಿ ಇದೆ ಎಂದರು ಅವರು. ಕೇಕಕ್ಕ ಗಂಭೀರವಾಗಿ ಕೇಳಿಸಿಕೊಂಡು, "ಡಾಕ್ಟ್ರೇ, ನನ್ನ ಕೋಪದಲ್ಲಿ ನಂದು ಅಂತ ಎಷ್ಟಿದೆ? ಅಷ್ಟನ್ನ ಇಟ್ಕೊಂಡು ಮಿಕ್ಕಿದ್ದನ್ನ ವಾಪಸ್ ಕೊಡ್ತೀನಿ" ಎಂದಳು. ಮಾತ್ರೆ ಬದಲಾಯಿತು, ಕೋಪ ಇಳಿಯಿತು. ಟವೆಲ್ ಈಗಲೂ ಹಾಸಿಗೆಯ ಮೇಲೆ.

5

(4 ಎಲ್ಲಿ ಎಂದು ಕೇಳಬೇಡಿ. 3ರಲ್ಲಿದ್ದೆ, ತಲೆ ಎತ್ತಿದಾಗ 5 ಬಂದಿತ್ತು. ದಿನವೆಲ್ಲ ದುಡಿದು ಬಂದು ಬರೆಯುವವರಿಗೆ ಹೀಗಾಗುತ್ತದೆ. ಕೇಕಕ್ಕನಿಗೆ ಹೀಗೆಯೇ ಆಗುವುದಂತೆ: ನಡುವಿನದು ಹೋಯಿತು ಅಂತ ಅನ್ನಿಸುವುದೂ ಇಲ್ಲ.)

ಅವಳ ಮಗಳು ಚೂಟಿ, ಮೂರನೇ ಕ್ಲಾಸು. ಒಂದು ದಿನ ಶಾಲೆಯಿಂದ ಕರೆ ಬಂತು. ಗಂಡ ಹೆಂಡತಿ ಇಬ್ಬರೂ ಹೋದರು.

"ನಿಮ್ಮ ಮಗಳು ಕಿಟಕಿ ಕಡೆ ನೋಡ್ತಾ ಇದ್ದುಬಿಡ್ತಾಳೆ," ಎಂದರು ಟೀಚರ್. "ಕರೆದ್ರೂ ಕೇಳಿಸಲ್ಲ. ನಿನ್ನೆ ಭುಜ ಅಲ್ಲಾಡಿಸಿ, ಪುಸ್ತಕದಲ್ಲಿದ್ದ ಚಿತ್ರ ತೋರಿಸಿ, ಆನೆಗೆ ಯಾವ ಬಣ್ಣ ಅಂದೆ. ಹಳದಿ ಅಂದ್ಳು! ಇಡೀ ಕ್ಲಾಸು ನಕ್ಕಿತು. ಅವಳು ಮಾತ್ರ ನಗಲಿಲ್ಲ."

"ಹಳದಿ ಅಂದ್ಳಾ?" ಗಂಡ ಕುರ್ಚಿಯಿಂದ ಅರ್ಧ ಎದ್ದ. "ಹಾಗಾದ್ರೆ ಸರಿಯಾಗೇ ಇದ್ದಾಳೆ ಮೇಡಂ!"

ಟೀಚರ್ ಅವನನ್ನು ನೋಡಿದ ರೀತಿ ಬರೆಯಲು ನನಗೆ ಬಾರದು. ಕೇಕಕ್ಕ ಮಾತ್ರ ಆನೆಯನ್ನು ಕೇಳಿಸಿಕೊಂಡಿರಲೇ ಇಲ್ಲ. ಅವಳ ಮನಸ್ಸು ಟೀಚರ್ ಹೇಳಿದ ಕಿಟಕಿಯ ಹತ್ತಿರವೇ ಉಳಿದಿತ್ತು.

6

ವಂಶದ ವಿಚಾರ. ಚೂಟಿಯನ್ನು ಕರೆದುಕೊಂಡು ಹೋದಾಗ ಡಾಕ್ಟರು ಕೇಳಿದರು: ನಿಮ್ಮ ಮನೆತನದಲ್ಲಿ ಬೇರೆ ಯಾರಿಗಾದರೂ ಇತ್ತೇ?

ಕೇಕಕ್ಕನ ಅಮ್ಮ ಜೊತೆಗೆ ಬಂದಿದ್ದರು. "ನಮ್ಮ ಕಡೆ? ಛೇ ಛೇ. ನಮ್ಮಣ್ಣ ಒಬ್ಬನೇ ಸ್ವಲ್ಪ ಯೋಚನೆ ಜಾಸ್ತಿ ಮಾಡೋನು."

ಯೋಚನೆ ಮಾವ. ಊಟದ ನಡುವೆ ತುತ್ತು ಎತ್ತಿದವನು ಹಾಗೆಯೇ ಕೂತುಬಿಡುತ್ತಿದ್ದ. ಬೀದಿಯವರೆಲ್ಲ ಅವನನ್ನು ಜ್ಞಾನಿ ಎಂದು ನಂಬಿ ಜಗಳ ತೀರಿಸಲು ಕರೆಯುತ್ತಿದ್ದರು. ಎರಡೂ ಕಡೆಯವರು ವಾದಿಸುತ್ತಿದ್ದಂತೆ ಮಾವ ಎಲ್ಲೋ ನೋಡುತ್ತಾ ಸುಮ್ಮನಾಗುತ್ತಿದ್ದ. ಆ ಮೌನಕ್ಕೆ ಹೆದರಿ ಎರಡೂ ಕಡೆಯವರು ರಾಜಿಯಾಗುತ್ತಿದ್ದರು. ಎಚ್ಚರವಾದಾಗ ಮಾವನಿಗೆ ಹಾರ.

ಡಾಕ್ಟರು ಪೆನ್ನು ಕೆಳಗಿಟ್ಟು ಅಮ್ಮನನ್ನೇ ನೋಡಿದರು.

"ಏನ್ ಹಾಗ್ ನೋಡ್ತೀರ? ಯೋಚನೆ ಮಾಡೋದೂ ಕಾಯಿಲೆನಾ ಈಗ?" ಎಂದರು ಅಮ್ಮ.

ಹೆತ್ತವರಿಗೆ ಇದ್ದರೂ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ ಎಂದರು ಡಾಕ್ಟರು. ಕೆಲವರಿಗೆ ಬರುತ್ತದೆ. ನೋಡೋಣ, ಸೋಮವಾರ ತಲೆಗೆ ವೈರು ಅಂಟಿಸಿ ಇಇಜಿ ತೆಗೆಯೋಣ.

"ನಮ್ಮ ಚೂಟಿ ಹೆಚ್ಚಿನವರಲ್ಲೋ, ಕೆಲವರಲ್ಲೋ?" ಎಂದಳು ಕೇಕಕ್ಕ.

"ಅದನ್ನ ಈಗ್ಲೇ ಹೇಳೋಕಾಗಲ್ಲಮ್ಮ."

7

ಇಲ್ಲಿ ಕೇಕಕ್ಕ ಕಥೆ ಬಿಟ್ಟು ನನ್ನ ಮೇಜಿನ ಹತ್ತಿರ ಬಂದಳು. ಕೈಯಲ್ಲಿ ಕ್ರೀಮಿನ ಕೋನ್.

"ಡಾಕ್ಟ್ರಿಗೆ ಆಗಲ್ವಂತೆ. ನಿಮಗಾಗುತ್ತೆ. ಇಲ್ಲ ಅಂತ ಬರೀರಿ."

"ಹಾಗೆಲ್ಲ ಬರೆಯೋಕೆ—"

"ಯಾಕಾಗಲ್ಲ? ನನಗೆ ಕೊಟ್ಟೋರು ನೀವೇ ಅಲ್ವಾ? ನಾನು ಕೇಳಿದ್ನಾ? ನಂದು ನನಗಿರ್ಲಿ, ಜಗಳ ಇಲ್ಲ. ಮಗು ತಂಟೆಗೆ ಬರ್ಬೇಡಿ."

ನಾನು ಕಲೆ, ಸಹಜತೆ, ಪಾತ್ರದ ಸ್ವಾತಂತ್ರ್ಯ ಎಂದೇನೋ ಗೊಣಗಿದೆ.

"ನಿಮಗೂ ಮಗು ಇದೆಯಲ್ಲ?" ಎಂದಳು.

ಇದೆ. ಪಕ್ಕದ ಕೋಣೆಯಲ್ಲಿ. ನನ್ನಿಂದ ಅದಕ್ಕೆ ಮೊಂಡ ಮೂಗು, ಮುಂಗೋಪ, ಹೊರಡುವ ಹೊತ್ತಿಗೆ ಒಂದು ಕಾಲಿನ ಸಾಕ್ಸ್ ಕಳೆದುಕೊಳ್ಳುವ ಗುಣ ಹೋಗಿವೆ. ಇನ್ನೇನು ಹೋಗಿದೆಯೋ, ನಾನೂ ಕೇಳಿ ಕೊಟ್ಟದ್ದಲ್ಲ.

"ಸರಿ," ಎಂದೆ. "ಪ್ರಯತ್ನಿಸುತ್ತೇನೆ."

ಮುಕ್ತಾಯ ಅ: ಇಇಜಿ ನಾರ್ಮಲ್. ಎಲ್ಲರೂ ಕುಣಿದರು.

("ಸುಳ್ಳು," ಎಂದಳು ಕೇಕಕ್ಕ. "ನಂದೂ ಮೊದಲ ಸಲ ನಾರ್ಮಲ್ಲೇ ಬಂದಿತ್ತು.")

ಮುಕ್ತಾಯ ಆ: ಚೂಟಿಗೂ ಇದೆ. ಆದರೆ ಅವಳು ದೊಡ್ಡ ಕಲಾವಿದೆಯಾಗಿ ಲೋಕಕ್ಕೆಲ್ಲ ಸ್ಫೂರ್ತಿಯಾದಳು.

(ಈ ವಾಕ್ಯದ ಮೇಲೆ ಈಗ ಕ್ರೀಮು ಇದೆ. ಎಸೆದದ್ದು ಅವಳಾ, ಮಾತ್ರೆಯಾ ಅಂತ ನಾನು ಕೇಳಲಿಲ್ಲ. ಅವಳೇ.)

ಮುಕ್ತಾಯ ಇ: ಯಾರಿಗೂ ಏನೂ ಇರಲಿಲ್ಲ. ಯೋಚನೆ ಮಾವ ನಿಜಕ್ಕೂ ಜ್ಞಾನಿಯಾಗಿದ್ದ.

("ಇದು ಬೇಕಾದ್ರೆ ಇರ್ಲಿ," ಎಂದರು ಅಮ್ಮ. ಅವರೂ ಬಂದುಬಿಟ್ಟಿದ್ದಾರೆ. ಕೂರಲು ಜಾಗವಿಲ್ಲ.)

8

ಅಷ್ಟರಲ್ಲಿ ಚೂಟಿ ಬಂದಳು. ಯಾರೂ ಕರೆದಿರಲಿಲ್ಲ.

"ನನ್ನ ಬಗ್ಗೆ ಎಲ್ಲಾರೂ ಮಾತಾಡ್ತಿದೀರ. ನನ್ನನ್ನ ಯಾಕೆ ಯಾರೂ ಕೇಳಲ್ಲ?"

ನಿಜ. ನಾನೂ ಕೇಳಿರಲಿಲ್ಲ. ಕೇಕಕ್ಕ ಮೊಣಕಾಲೂರಿ ಕೂತಳು.

"ಕಿಟಕಿ ಹತ್ರ ಏನ್ ಮಾಡ್ತೀಯ ಪುಟ್ಟಾ?"

"ನಾಟಕ. ಲೆಕ್ಕದ ಪಿರಿಯಡ್‌ನಲ್ಲಿ. ನೀನು ನಿಂತಾಗ ಯಾರೂ ನಿನ್ನ ಬೈಯಲ್ಲ ಅಲ್ವಾ ಅಮ್ಮ? ಅದಕ್ಕೆ."

ಕೇಕಕ್ಕನಿಗೆ ನಗು ಬಂತು, ಅಳು ಬಂತು, ಎರಡೂ ಒಂದೇ ಬಾಗಿಲಲ್ಲಿ ಸಿಕ್ಕಿಕೊಂಡವು. "ಕಳ್ಳಿ! ಯಾವಾಗ್ಲೂ ನಾಟಕನಾ?"

"ಯಾವಾಗ್ಲೂ ಅಲ್ಲ. ಕೆಲವು ಸಲ ನಾಟಕ."

"ಮಿಕ್ಕಿದ ಸಲ?"

ಚೂಟಿ ಕಾಲ್ಬೆರಳಿನಿಂದ ನೆಲ ಕೆರೆದಳು. "ಮಿಕ್ಕಿದ ಸಲ ಗೊತ್ತಿಲ್ಲ. ನೋಡಿದ್ರೆ ಬೋರ್ಡ್ ಒರೆಸಿರುತ್ತೆ."

ಕೇಕಕ್ಕನ ಕೈಯ ಕೋನಿನಿಂದ ಕ್ರೀಮು ತೊಟ್ಟಿಕ್ಕುತ್ತಿತ್ತು. ಚೂಟಿ ಅಮ್ಮನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಅಮ್ಮಾ. ಆನೆಗೆ ಯಾವ ಬಣ್ಣ?"

"ಹಳದಿ," ಎಂದಳು ಕೇಕಕ್ಕ ಕೂಡಲೇ. "ಹಳದಿ ಕಣೇ. ನಾನು ಇಲ್ಲೇ ಇದೀನಿ."

9

ಈಗ ಇಬ್ಬರೂ ನನ್ನ ಕಡೆ ತಿರುಗಿದ್ದಾರೆ. ಕೇಕಕ್ಕನ ಅಮ್ಮನೂ ಕತ್ತು ಚಾಚಿದ್ದಾರೆ. ಬಾಗಿಲ ಬಳಿ ಗಂಡ, ಲಿಫ್ಟಿನ ಮುಂದೆ ನಿಂತವನ ಹಾಗೆ, ಒದೆಯದೆ ಕಾಯುತ್ತಿದ್ದಾನೆ.

"ಬರೀರಿ," ಎನ್ನುತ್ತಾಳೆ ಕೇಕಕ್ಕ. "ಸೋಮವಾರ ಏನಾಯ್ತು?"

ಸೋಮವಾರ ಬೆಳಿಗ್ಗೆ ಚೂಟಿಯ ತಲೆಗೆ ವೈರು ಅಂಟಿಸಿದವರು ಪರದೆ ನೋಡಿ, "ನೋಡಿ, ಇಲ್ಲಿ

"ಬರೆಯೋರೇ?" ಚೂಟಿ ನನ್ನ ತೋಳು ಅಲ್ಲಾಡಿಸುತ್ತಿದ್ದಾಳೆ. "ಬರೆಯೋರೇ, ಆನೆಗೆ ಯಾವ ಬಣ್ಣ?"

ಉತ್ತರ ನನಗೆ ಗೊತ್ತು. ನಾಲಿಗೆಯ ತುದಿಯಲ್ಲೇ ಇದೆ. ಹೇಳಿದೆನೋ, ತಲೆ ಮನೆಗೆ ಬಂತು ಎಂದುಕೊಂಡು ಆ ವಾಕ್ಯ ಮುಗಿಸಲು ಹೇಳುತ್ತಾರೆ. ಅದಕ್ಕೇ ಕಿಟಕಿಯ ಕಡೆ ನೋಡುತ್ತಾ ಕೂತಿದ್ದೇನೆ.

(ಕೆಲವು ಸಲ ನಾಟಕ.)