ವೈರು ಬಿಚ್ಚಿದ ಮೇಲೆ

ನನ್ನ ಯಜಮಾನರಿಗೆ ನಿದ್ದೆಯಲ್ಲಿ ಉಸಿರು ನಿಂತುಬಿಡುವ ಕಾಯಿಲೆ. ಭುಜ ಅಲುಗಿಸಿದರೆ ಮತ್ತೆ ಶುರುವಾಗುತ್ತದೆ, ಆದರೆ ಅಲುಗಿಸುವುದಕ್ಕೆ ಯಾರಾದರೂ ಎಚ್ಚರವಾಗಿರಬೇಕಲ್ಲ. ವರ್ಷಗಟ್ಟಲೆ ಆ ಎಚ್ಚರ ನನ್ನ ಪಾಲಿನದಾಗಿತ್ತು. ಆಮೇಲೆ ಸೊಸೆ ಕೆಲಸ ಮಾಡುವ ಕಾರ್ಖಾನೆಯವರು ಎದೆಗೆ ಕಟ್ಟುವ ಪಟ್ಟಿಯೊಂದನ್ನು ಮಾಡಿದರು. ಉಸಿರು ನಿಂತರೆ ಅದರ ಜೊತೆಗೆ ಕೊಡುವ ಗೋಡೆಯ ಗಂಟೆ ಹೊಡೆಯಬೇಕು. ಪಟ್ಟಿಯೊಳಗಿನ ಯಂತ್ರವನ್ನು ಯಾವಾಗ ಮಲಗಿಸಬೇಕು, ಯಾವಾಗ ಎಬ್ಬಿಸಬೇಕು ಎಂದು ಹೇಳುವ ಪ್ರೋಗ್ರಾಮು ಸೊಸೆಯದು. ಅದಕ್ಕೆ ಡ್ರೈವರ್ ಅನ್ನುತ್ತಾರಂತೆ. ಅದನ್ನು ಕೇಳಿದಂದಿನಿಂದ ಯಜಮಾನರ ಬಾಯಲ್ಲಿ ಅವಳು ಡ್ರೈವರಮ್ಮ.

ಮೊದಲ ಪಟ್ಟಿ ಸದಾ ಎಚ್ಚರವಾಗಿರುತ್ತಿತ್ತು. ಬ್ಯಾಟರಿ ಎರಡು ದಿನಕ್ಕೇ ಖಾಲಿ. ಜನ ಚಾರ್ಜು ಮಾಡಲು ಮರೆಯುತ್ತಾರೆ, ವಾರ ಬರುವಂತೆ ಮಾಡು ಎಂದು ಮ್ಯಾನೇಜರು ಬೆನ್ನು ಹತ್ತಿದ. ಉಸಿರಿಗೂ ಉಸಿರಿಗೂ ನಡುವೆ ಯಂತ್ರ ನಿದ್ದೆ ಹೋಗುವ ಹಾಗೆ ಅವಳು ಬರೆದಳು. ಕಾರ್ಖಾನೆಯಲ್ಲಿ ಎಲ್ಲ ಪರೀಕ್ಷೆಯೂ ಪಾಸಾಯಿತು. ಮರುದಿನ ಪಟ್ಟಿಗಳು ಮನೆಮನೆಗೆ ಹೊರಡುವುದಿತ್ತು.

ಆ ಮಧ್ಯಾಹ್ನ ಒಂದನ್ನು ತಂದು ಮಾವನ ಎದೆಗೆ ಕಟ್ಟಿದಳು.

“ಡ್ರೈವರಮ್ಮ, ಬ್ರೇಕ್ ಇದೆ ತಾನೆ?”

“ಇದೆ ಮಾವ. ನೀವು ಸುಮ್ನೆ ಮಲಗಿ.”

ನಾನು ಪಕ್ಕದಲ್ಲಿ ಕೂತು ಬಟ್ಟೆ ಮಡಚುತ್ತಿದ್ದೆ. ಗೊರಕೆ ನಿಂತಿತು. ಗಂಟೆ ಹೊಡೆಯಲಿ ಎಂದು ಕಾದೆ. ಕೈಯಲ್ಲಿದ್ದ ಟವೆಲು ಮಡಚಿ ಮುಗಿದರೂ ಗಂಟೆಯಿಲ್ಲ. ತುಟಿ ಕಪ್ಪಿಡುವುದನ್ನು ಕಂಡು ಭುಜ ಹಿಡಿದು ಅಲುಗಿಸಿದೆ. ಅವರು ಉಸಿರೆಳೆದುಕೊಂಡ ಮೇಲೆ ಗಂಟೆ ಹೊಡೆಯಿತು.

“ಬಸ್ಸು ಹೋದ್ಮೇಲೆ ಹಾರ್ನಾ?” ಅಂದರು ಏದುಸಿರಲ್ಲೇ.

ಸೊಸೆ ನಗಲಿಲ್ಲ. ಪಟ್ಟಿ ಬಿಚ್ಚಿ ತನ್ನ ಎದೆಗೇ ಕಟ್ಟಿಕೊಂಡು, ಕಂಪ್ಯೂಟರಿಗೆ ವೈರು ಸಿಕ್ಕಿಸಿ ಉಸಿರು ಬಿಗಿಹಿಡಿದಳು. ಗಂಟೆ ಕೂಡಲೇ ಹೊಡೆಯಿತು. ವೈರು ಬಿಚ್ಚಿ ಮತ್ತೆ ಬಿಗಿಹಿಡಿದಳು. ಮುಖ ಕೆಂಪಾಗಿ, ಸೋತು ಉಸಿರು ಬಿಟ್ಟರೂ ಗಂಟೆ ತೆಪ್ಪಗಿತ್ತು.

“ವೈರಿದ್ರೆ ಇದು ನಿದ್ದೇನೇ ಮಾಡಲ್ಲ ಅತ್ತೆ,” ಅಂದಳು ಮೆಲ್ಲಗೆ. “ಅಲ್ಲಿ ಎಲ್ರೂ ವೈರ್ ಹಾಕೇ ಪರೀಕ್ಷೆ ಮಾಡಿದ್ವಿ, ಇಲ್ಲಾಂದ್ರೆ ಕಂಪ್ಯೂಟರಲ್ಲಿ ಅಂಕಿ ಕಾಣಲ್ಲ. ಮಲಗಿದ್ದು ಏಳೋಕೆ ಎಷ್ಟು ಹೊತ್ತು ಬೇಕು ಅಂತ ಒಬ್ರೂ ನೋಡಿಲ್ಲ. ನಾನೂ ನೋಡಿಲ್ಲ.”

ಮ್ಯಾನೇಜರಿಗೆ ಫೋನು ಹಚ್ಚಿದಳು. ಅವನ ದನಿ ನನಗೂ ಕೇಳುತ್ತಿತ್ತು.

“ನಾಳೆ ಕಳಿಸ್ಬೇಡಿ ಸಾರ್. ವೈರ್ ಬಿಚ್ಚಿದ್ರೆ ಗಂಟೆ ತಡವಾಗಿ ಹೊಡೆಯುತ್ತೆ. ನಿದ್ದೆ ತೆಗೆದುಹಾಕ್ತೀನಿ.”

“ಬ್ಯಾಟರಿ?”

“ಎರಡು ದಿನ.”

“ವಾರ ಅಂತ ಡಬ್ಬಿ ಮೇಲೆ ಅಚ್ಚಾಗಿದೆಯಮ್ಮ. ಚಾರ್ಜಿಲ್ಲದ ಪಟ್ಟಿ ಹೊಡೆಯುತ್ತಾ? ತಡವಾದ್ರೂ ಇದು ಹೊಡೆಯುತ್ತಲ್ಲ.”

ಅವನು ಹೇಳಿದ್ದೂ ಸುಳ್ಳಲ್ಲ. ಫೋನು ಚಾರ್ಜು ಮಾಡುವುದನ್ನೇ ನಾನು ಎಷ್ಟು ಸಲ ಮರೆತಿಲ್ಲ.

“ಖಾಲಿಯಾಗ್ತಾ ಬಂದ್ರೆ ಕೆಂಪು ದೀಪ ಬರುತ್ತೆ ಸಾರ್, ಮನೇಲಿ ಯಾರಾದ್ರೂ ಎದ್ದು ಕೂತ್ಕೋತಾರೆ. ಇದನ್ನ ನಂಬಿ ಎಲ್ರೂ ಮಲಗ್ತಾರೆ.”

“ಪ್ರೋಗ್ರಾಮು ಎಲ್ಲಾ ಪಟ್ಟಿಗೂ ತುಂಬಿಸಿ ಆಯ್ತು. ಮುಂದಿನ ಸಲ ನೋಡೋಣ.” ಫೋನಿಟ್ಟುಬಿಟ್ಟ.

ಸೊಸೆ ಕಂಪ್ಯೂಟರು ಚೀಲಕ್ಕೆ ತುರುಕಿ ಚಪ್ಪಲಿ ಮೆಟ್ಟಿದಳು. “ಡಬ್ಬಿ ಕಟ್ಟೋ ಕಡೆ ಹೋಗ್ತೀನಿ. ಒಂದೊಂದೇ ಪಟ್ಟಿ ತೆಗೆದು ಹಳೇ ಪ್ರೋಗ್ರಾಮು ತುಂಬ್ತೀನಿ.”

“ಒಳಗೆ ಬಿಡ್ತಾರಾ?”

“ಗೊತ್ತಿಲ್ಲ ಅತ್ತೆ. ಮಾವನ ಎದೆ ಮೇಲೆ ಕೈ ಇಟ್ಕೊಂಡಿರಿ.”

ಅವಳು ಹೋದ ಮೇಲೆ ಅಂಗೈಯಿಟ್ಟು ಕೂತೆ. ಮಲಗಿ, ನಾನಿದ್ದೀನಿ ಅಂದೆ.

“ಅವಳು ಬರ್ಲಿ,” ಅಂದರು.

ಗೇಟಿನ ಸದ್ದಾದಾಗಲೆಲ್ಲ ಅಂಗೈ ಕೆಳಗೆ ಅವರ ಉಸಿರು ಒಂದು ಗಳಿಗೆ ನಿಲ್ಲುತ್ತಿತ್ತು. ಕಣ್ಣು ಮಾತ್ರ ತೆರೆದೇ ಇತ್ತು.