ಹೊಳೆವ್ವನ ಬರೆ

ಅಲಖನೂರಿನ ಹೊಳೆವ್ವನ ಕೈಗುಣದ ಬಗ್ಗೆ ಎದುರು ಮಾತಾಡುವ ಧೈರ್ಯ ಸುತ್ತಲಿನ ಹಳ್ಳಿಗಳಲ್ಲಿ ಯಾರಿಗೂ ಇರಲಿಲ್ಲ. ಮಕ್ಕಳಿಗೆ ಹೊಟ್ಟೆನೋವು, ಬಿಟ್ಟುಬಿಟ್ಟು ಬರುವ ಜ್ವರ ಎಂದರೆ ಜನ ನೆಟ್ಟಗೆ ಅವಳ ಅಂಗಳಕ್ಕೆ ಬರುತ್ತಿದ್ದರು. ಅವಳು ಅರಿಶಿನದ ಕೊಂಬನ್ನು ಕೆಂಡದಲ್ಲಿ ಕಾಯಿಸಿ, ಅಮೋಘಸಿದ್ಧನ ಹೆಸರು ಹೇಳಿ, ಹೊಕ್ಕುಳ ಪಕ್ಕ ಬರೆ ಎಳೆಯುತ್ತಿದ್ದಳು. ಕೂಸು ಚೀರಿ ಚೀರಿ ದಣಿದು ಮಲಗುತ್ತಿತ್ತು. ಜ್ವರ ಬಿಟ್ಟರೆ ಬರೆಯ ಪುಣ್ಯ, ಬಿಡದಿದ್ದರೆ ಕೂಸಿನ ಹಣೆಬರಹ. ಇಂಥ ವೈದ್ಯಕ್ಕೆ ಸೋಲೆಲ್ಲಿಯದು ಹೇಳಿ! ಆದರೆ ಕೆಟ್ಟ ಮನಸ್ಸಿನವಳಲ್ಲ ಹೊಳೆವ್ವ. ಯಾರ ಕೈಯಿಂದಲೂ ಒಂದು ತೆಂಗಿನಕಾಯಿ ಕೂಡ ಮುಟ್ಟಿದವಳಲ್ಲ.

ಈಗ ಜ್ವರ ಅವಳ ಮನೆಯೊಳಗೇ ಬಂದು ಕೂತಿತ್ತು. ಮಗಳು ಅನುಸೂಯಾಳನ್ನು ಹೊಳೆವ್ವ ತನ್ನ ಸ್ವಂತ ತಮ್ಮ ಬಸವಂತನಿಗೇ ಕೊಟ್ಟು, ಇಬ್ಬರನ್ನೂ ತನ್ನ ಮನೆಯಲ್ಲೇ ಇಟ್ಟುಕೊಂಡಿದ್ದಳು. ಅವರ ಮಗಳು ಗಂಗಾ, ಒಂಬತ್ತು ವರ್ಷದವಳು. ಮೂರು ವಾರಕ್ಕೊಮ್ಮೆ ಹುಡುಗಿಯ ಮೈ ಸುಡುತ್ತಿತ್ತು, ಹೊಟ್ಟೆ ಹಿಡಿದುಕೊಂಡು ಹೊರಳಾಡುತ್ತಿದ್ದಳು. ಮೂರನೇ ದಿನ ಏನೂ ಆಗೇ ಇಲ್ಲವೆಂಬಂತೆ ಎದ್ದು ಆಡುಮರಿಯ ಬೆನ್ನು ಹತ್ತುತ್ತಿದ್ದಳು. ಸಾಲೆಯಲ್ಲಿ ನಾಟಕ ಅಂದರು. ಒಬ್ಬ ಡಾಕ್ಟರು ಟೈಫಾಯ್ಡ್ ಅಂದರು, ಇನ್ನೊಬ್ಬರು ಅಪೆಂಡಿಕ್ಸ್ ಇರಬಹುದು ಅಂದರು. ಎರಡೂ ಅಲ್ಲವೆಂದಾಯಿತು.

"ಅಕ್ಕಾ, ಊರ ಮಕ್ಕಳಿಗೆಲ್ಲಾ ಬರಿ ಕೊಡ್ತಿ. ಮೊಮ್ಮಗಳಿಗಂದ್ರ ಯಾಕ ಕೈ ಹಿಂದ ಸರಿತೈತಿ?" ಎಂದು ಬಸವಂತ ಸಿಡುಕಿದ.

"ಮೊದಲ ನನ್ನ ಸುಡ್ರಿ, ಆಮ್ಯಾಲ ಅದನ್ನ ಸುಡ್ರಿ," ಎಂದು ಅನುಸೂಯಾ ಮಗಳಿಗೆ ಅಡ್ಡ ನಿಂತಳು. "ಚಿಕ್ಕೋಡಿಗೆ ಹೊಸಾ ಡಾಕ್ಟರಬಾಯಿ ಬಂದಾರಂತ. ಇದೊಂದ ಸಲ ನೋಡೂಣು."

"ಆತು," ಎಂದಳು ಹೊಳೆವ್ವ. "ನಾಳಿ ನಾನೂ ಬರ್ತೀನಿ. ಅವರ ಕೈಲಿ ಆಗಲಿಲ್ಲಂದ್ರ ಸಂಜಿಕ ಬರಿ. ಆವಾಗ ಎದರಾಡಬಾರ್ದು."

ಕೌದಿಯೊಳಗೆ ಮುದುಡಿದ್ದ ಗಂಗಾ ಅಜ್ಜಿಯ ಸೆರಗು ಹಿಡಿದಳು. "ಖರೇನ ನೋಯ್ತೈತಿ ಆಯಿ. ನಾ ಸುಳ್ಳ ಹೇಳಾಕತ್ತಿಲ್ಲ."

ಹೊಳೆವ್ವ ಸೆರಗು ಬಿಡಿಸಿಕೊಂಡು ಒಳಗೆ ಹೋದಳು.

ಮರುದಿನ ಚಿಕ್ಕೋಡಿಗೆ ಹೋದರು. ಡಾಕ್ಟರ್ ಮೇಘಾ ಕಾಗವಾಡದ ಕಡೆಯ ಜೈನರ ಹುಡುಗಿ, ಮೂವತ್ತು ದಾಟಿರಲಿಕ್ಕಿಲ್ಲ. ಇಷ್ಟು ಸಣ್ಣ ಹುಡುಗಿಗೆ ಏನು ತಿಳಿದೀತು ಎಂದು ಹೊಳೆವ್ವ ಮೂಗು ಮುರಿದಳು. ಅನುಸೂಯಾ ಚೀಲದಿಂದ ಗೋಡೆಯ ಕ್ಯಾಲೆಂಡರನ್ನೇ ತೆಗೆದು ಮೇಜಿನ ಮೇಲೆ ಹರಡಿದಳು. ಜ್ವರ ಬಂದ ದಿನಕ್ಕೆಲ್ಲ ಕುಂಕುಮದ ಬೊಟ್ಟು ಇಟ್ಟಿದ್ದಳು. ಡಾಕ್ಟರು ಬೆರಳಿಟ್ಟು ಎಣಿಸಿದರು.

"ಭಾಳ ಚಲೋ ಮಾಡೀರಿ. ಅರ್ಧಾ ರೋಗ ಇದರಾಗ ಸಿಕ್ಕೈತಿ," ಎಂದರು. "ನೋಡ್ರಿ, ಹಟ್ಟಿ ನಾಯಿ ಕಳ್ಳ ಬಂದ್ರ ಬೊಗಳಬೇಕು. ಈಕಿ ಮೈಯಾಗಿನ ನಾಯಿ ಕಳ್ಳ ಇಲ್ಲದ ಬೊಗಳ್ತೈತಿ. ಮೂರ ದಿನಾ ಬೊಗಳಿ ದಣದು ಮಲಗ್ತೈತಿ. ಇದು ಹುಟ್ಟಿನಿಂದ ಬರೂ ಗುಣ. ತಾಯಿದೊಂದು ಪಾಲು, ತಂದಿದೊಂದು ಪಾಲು ಕೂಡಿದಾಗ ಕೂಸಿಗೆ ಕಾಣಸ್ತೈತಿ. ಮನಿತನದಾಗ ಹಿಂದ ಯಾರಿಗರೆ ಹಿಂಗ ಆಗಿತ್ತೇನ್ರಿ?"

"ಯಾರಿಗೂ ಇಲ್ರಿ," ಎಂದಳು ಅನುಸೂಯಾ.

ಹೊಳೆವ್ವ ಗೋಡೆ ನೋಡಿದಳು.

"ಯಾರಿಗರೆ ಇತ್ತಂದ್ರ ನನಗ ಧೈರ್ಯ ಬರ್ತಿತ್ತು, ಗುಳಗಿ ಇವತ್ತ ಚಾಲೂ ಮಾಡ್ತಿದ್ದೆ. ಇಲ್ಲಾಂದ್ರ ರಕ್ತ ಪುಣೆಕ್ಕ ಕಳಿಸಿ ಎರಡ ತಿಂಗಳು ಕಾಯಬೇಕು."

ಎರಡು ತಿಂಗಳೆಂದರೆ ಇನ್ನೂ ಮೂರು ಸಲದ ಜ್ವರ. ಅದಕ್ಕೂ ಮೊದಲು, ಇವತ್ತು ಸಂಜೆಯ ಬರೆ.

"ಗುಳಗಿ ಕೊಡದ ಬಿಟ್ರ?" ಎಂದು ಹೊಳೆವ್ವ ಕೇಳಿದಳು.

"ವರ್ಷಗಟ್ಲೆ ಹಂಗ ಬಿಟ್ರ ಕೆಲವರಿಗೆ ಕಿಡ್ನಿ ಕೆಡ್ತಾವ್ರಿ. ಮಾರಿ, ಕಾಲು ಬಾತು ಬರ್ತಾವ."

ಹೊಳೆವ್ವ ಗಂಗಾಳ ಕಾಲು ಸವರಿ ನೋಡಿದಳು. "ಮೂರನೇ ದಿನಕ್ಕ ಜ್ವರ ಬಿಡ್ತೈತಲ್ರಿ... ಅದು ಬರಿ ಕೊಡದಿದ್ರೂ ಬಿಡ್ತೈತೇನ್ರಿ?"

"ಬಿಡ್ತೈತ್ರಿ ಆಯಿ. ಏನ ಮಾಡಿದ್ರೂ ಬಿಡ್ತೈತಿ, ಏನೂ ಮಾಡದಿದ್ರೂ ಬಿಡ್ತೈತಿ."

ಹೊಳೆವ್ವ ಮೂವತ್ತು ವರ್ಷ ಬಾಯಿಗೆ ತರದ ಹೆಸರನ್ನು ತಂದಳು.

"ನನ್ನ ಮಗಾ ಮಲ್ಲೇಶಗ ಇತ್ರಿ. ಹಿಂಗ ಜ್ವರ, ಹಿಂಗ ಹೊಟ್ಟಿಬ್ಯಾನಿ. ಕಡಿಗೆ ಮೈಯೆಲ್ಲಾ ಬಾತು, ಹದಿನೈದಕ್ಕ ಹೋದ. ಮೊದಲನೇ ಬರಿ ನಾ ಕೊಟ್ಟಿದ್ದು ಅವಗ. ಮರುದಿನ ಎದ್ದು ಕುರಿ ಕಾಯಾಕ ಹೋದ ನೋಡ್ರಿ, ಅಲ್ಲಿಂದ ನನ್ನ ಕೈಗೆ ಹೆಸರ ಬಂತು."

ಅನುಸೂಯಾ ಹೌಹಾರಿದಳು. "ಅಣ್ಣ ಕಾಮಾಲಿಂದ ಹೋದ ಅಂದಿದ್ದಿಯಲ್ಲವ್ವಾ?"

"ನಿನ್ನ ಲಗ್ನ ಆಗಬೇಕಿತ್ತಲ್ಲವಾ. ಕುಡಿ ಕೆಟ್ಟ ಮನಿ ಅನಿಸಿಕೊಂಡಿದ್ರ ಯಾರ ಮಾಡ್ಕೋತಿದ್ರು? ನನ್ನ ತಮ್ಮಗ ಕೊಟ್ಟೆ, ಅವಗೂ ಹೇಳಲಿಲ್ಲ. ನಾನೂ ಸೋದರತ್ತಿ ಮಗನ್ನ ಮಾಡ್ಕೊಂಡಾಕಿ. ಎರಡೂ ಪಾಲು ನಾನ ಕೂಡಿಸಿದೆ ನೋಡು." ಅವಳು ಬಿಕ್ಕಿ ಬಿಕ್ಕಿ ಅತ್ತಳು.

"ಇದು ಯಾರ ಪಾಪಾನೂ ಅಲ್ಲ," ಎಂದು ಡಾಕ್ಟರು ಅವಳ ಕೈ ಹಿಡಿದರು. "ನೀವು ಹೇಳಿದ್ದಕ್ಕ ಈ ಕೂಸಿಗೆ ಎರಡ ತಿಂಗಳು ಉಳೀತು." ಮಲ್ಲೇಶನ ಹೆಸರನ್ನು ಗಂಗಾಳ ಚೀಟಿಯಲ್ಲಿ ಬರೆದುಕೊಂಡು, ರಕ್ತ ಮೂತ್ರ ತಪಾಸಿಸಿ ಕೊಲ್ಚಿಸಿನ್ ಗುಳಿಗೆ ಕೊಟ್ಟರು. ದಿನಾ ನುಂಗಬೇಕು, ಜ್ವರ ಬರದಿದ್ದರೂ ಬಿಡಬಾರದು, ಮೂತ್ರದ ತಪಾಸಣೆಗೆ ತಪ್ಪದೆ ಬರಬೇಕು ಎಂದು ಮೂರು ಮೂರು ಸಲ ಹೇಳಿದರು. ಪುಣೆಗೆ ರಕ್ತವೂ ಹೋಯಿತು.

ಸಂಜೆ ಮನೆಗೆ ಬಂದರೆ ಅಂಗಳದಲ್ಲಿ ಕಬ್ಬೂರಿನ ಗಂಡಹೆಂಡತಿ ಕಾಯುತ್ತಿದ್ದರು. ಮಡಿಲಲ್ಲಿ ಐದು ವರ್ಷದ ಕೂಸು ಹೊಟ್ಟೆನೋವೆಂದು ಅಳುತ್ತಿತ್ತು. ಗಂಗಾಳಿಗೂ ಆದೀತು, ಇವರಿಗೂ ಆದೀತು ಎಂದು ಬಸವಂತ ಕೆಂಡ ಸಿದ್ಧಮಾಡಿ, ಕೊಂಬು ಕಾಯಿಸಿಟ್ಟಿದ್ದ. ಕೂಸು ಅದನ್ನು ಕಂಡದ್ದೇ ಕಿಟಾರನೆ ಕಿರುಚಿ ತಾಯಿಯ ಕೊರಳಿಗೆ ಬಿತ್ತು.

ಹೊಳೆವ್ವ ಕೊಡ ಎತ್ತಿ ಕೆಂಡಕ್ಕೆ ನೀರು ಸುರಿದಳು.

"ಅಕ್ಕಾ, ತಲಿ ಕೆಟ್ಟೈತೇನ?" ಎಂದು ಬಸವಂತ ಹಾರಿಬಿದ್ದ.

"ಚಿಕ್ಕೋಡಿಗೆ ಕರ್ಕೊಂಡ ಹೋಗ್ರಿ," ಎಂದು ಅವಳು ಆ ತಾಯಿಗೆ ಹೇಳಿದಳು. "ನನ್ನ ಬರಿಗೆ ಇಲ್ಲಿತನಕಾ ಒಂದ ಜ್ವರಾನೂ ಹೋಗಿಲ್ಲ."

"ಹಂಗಂದ್ರ ಹೆಂಗ್ರಿ ಆಯಿ? ಎಲ್ಲಾರೂ ನಿಮ್ಮ ಹೆಸರ ಹೇಳ್ತಾರ."

"ನನ್ನ ಮಗಾ ಹೇಳಿದ್ದವಾ. 'ಸುಡಬ್ಯಾಡವ್ವಾ, ನಾಳಿಗೆ ತಾನ ಹೋಗ್ತೈತಿ, ಪ್ರತೀ ಸಲಾ ತಾನ ಹೋಗ್ತೈತಿ' ಅಂತ ಕೈ ಮುಗದ ಹೇಳಿದ್ದ. ಅಲಗಾಡಬಾರ್ದಂತ ನಾ ಅವನ ಕಾಲ ಮ್ಯಾಲ ಕುಂತಿದ್ದೆ."